ಇನ್ನೂರ ಹದಿನೇಳನೆಯ ಪ್ರಾಂತ್ಯ

ಮೂಲ ಆಟದಲ್ಲಿ ಕೊಡಗು ಒಂದು ಬೂದು ಕಲೆ.
ಮೌಸ್ ಒತ್ತಿದರೆ ಟೊಕ್ ಎಂಬ ಸದ್ದು, ಅಷ್ಟೇ:
ಇಲ್ಲಿ ಸೈನ್ಯ ಹಾಯುವಂತಿಲ್ಲ.
ಪಡುವಣ ಕಡಲಿಗೆ ಯವನರ ಹಡಗು ಬರುತ್ತದೆ,
ಮೂಡಣ ಬಯಲಿಗೆ ಆನೆಪಡೆ.
ನಡುವೆ ನಾವು,
ಚಿತ್ರ ಬರೆದವನು ಕುಂಚ ಒರೆಸಿದ ಜಾಗದ ಹಾಗೆ.

ಕಡತದಲ್ಲೊಂದು ಸೊನ್ನೆ ಇತ್ತು. ಒಂದು ಮಾಡಿದೆ.
ಆಟ ಏಳಲೇ ಇಲ್ಲ.
ಎಲ್ಲೋ ಒಂದು ಅಲ್ಪವಿರಾಮ ಬಿಟ್ಟಿದ್ದೆ.
ಹುಡುಕಿ ಮುಗಿಸುವಷ್ಟರಲ್ಲಿ
ಸೋಮವಾರಪೇಟೆಯ ಕೊನೆಯ ಬಸ್ಸೂ ಹೋಯಿತು,
ಮೊದಲ ಬಸ್ಸೂ ಹೋಯಿತು.

ಹಗಲು ನಾನು ಸರ್ವೆ ಇಲಾಖೆಯವಳು.
ಜಮ್ಮಾ, ಬಾಣೆ, ಪೈಸಾರಿ ಎಂದು
ಇದೇ ನೆಲವನ್ನು ಪುಸ್ತಕಕ್ಕೆ ಇಳಿಸುತ್ತೇನೆ.
ಪೈಸಾರಿ ಅಂದರೆ ಯಾರದ್ದೂ ಅಲ್ಲದ್ದು,
ಅಂದರೆ ಸರ್ಕಾರದ್ದು,
ಅಂದರೆ ಅಲ್ಲಿ ಟಾರ್ಪಾಲು ಕಟ್ಟಿಕೊಂಡವರು
ಅಕ್ರಮ.

ರಾತ್ರಿ ನೋಡಿದರೆ ಆಟಕ್ಕೂ ಅದೇ ಕಾನೂನು.
ದೊರೆಯಿಲ್ಲದ ಪ್ರಾಂತ್ಯಕ್ಕೆ ಒಡೆಯರನ್ನು ತಾನೇ ಬರೆದುಕೊಳ್ಳುತ್ತದೆ:
ಬಂಡಾಯಗಾರರು.
ಯಾರ ಮೇಲೆ ಬಂಡಾಯ?
ಕೇಳುವ ಹಾಗಿಲ್ಲ. ಆ ಸಾಲು ಎಂಜಿನ್ನಿನ ಒಳಗಿದೆ,
ನಮ್ಮ ಕೈ ಹೋಗದ ಕಡೆ.

ಆಳುಗಳ ಮೈ ಕಡೆಯುವವನು ಉಮ್ಮರ್,
ನಾಪೋಕ್ಲಿನಲ್ಲಿ ಮೊಬೈಲ್ ರಿಪೇರಿ.
ಒಬ್ಬ ಯೋಧನನ್ನು ಕಳಿಸಿದ:
ಕಪ್ಪು ಕುಪ್ಯ, ಕೆಂಪು ಚೇಲೆ, ಸೊಂಟಕ್ಕೆ ಪೀಚೆಕತ್ತಿ.
ಗೋಡೆಯ ಫೋಟೋದಲ್ಲಿರುವ ನಮ್ಮ ಬೆಳ್ಯಪ್ಪಜ್ಜನೇ,
ಮೀಸೆಯ ತುದಿ ಸಮೇತ.
ಚೆನ್ನಾಗಿದ್ದಾನೆ, ಅಂದೆ, ಆದರೆ ಇದು
ಎರಡು ಸಾವಿರ ವರ್ಷ ಹಿಂದೆ.
ಹಾಗಾದರೆ ಆಗ ಏನು ಉಟ್ಟಿದ್ದರು?
ಗೊತ್ತಿಲ್ಲ.
ಗೊತ್ತಿಲ್ಲ ಅನ್ನೋದಕ್ಕೆ ಯಾವ ಬಣ್ಣ ಹಾಕಲಿ, ಅದನ್ನಾದರೂ ಹೇಳು!

ಎರಡು ದಿನ ಮಾತಿಲ್ಲ.
ಮೂರನೆಯ ದಿನ ಬಂದದ್ದು ಒಂದು ಬೆನ್ನು.
ಬುಟ್ಟಿ ಹೊತ್ತ ಬೆನ್ನು, ಮುಖ ಆಚೆಗೆ.
ಹೆಂಗಸೋ ಗಂಡಸೋ ತಿಳಿಯದು.
ದಾಳಿ ಎಂಬ ಕಾಲಮಿನಲ್ಲಿ ಸೊನ್ನೆ ಬರೆದೆ.
ತಿರಸ್ಕರಿಸಿತು. ಕನಿಷ್ಠ ಒಂದು ಬೇಕಂತೆ.
ಒಂದು ಬರೆದೆ,
ಹೋಗಲಿ, ಜೇನುಹುಳ ಓಡಿಸಲು ಆಯಿತು.

ಕಳೆದ ಗುರುವಾರ ದೊಡ್ಡಮಳ್ತೆಯ ಆಚೆ ಅಳತೆ.
ಕಾಫಿ ಗಿಡಗಳ ನಡುವೆ ನಾಲ್ಕು ಚಪ್ಪಡಿ ನಿಂತಿದ್ದವು,
ಮೇಲೊಂದು ಮಲಗಿತ್ತು,
ಮೂಡಲ ಚಪ್ಪಡಿಯಲ್ಲಿ ದುಂಡಗೆ ಒಂದು ತೂತು.
ಪಾಂಡವರ ಮನೆ ಮೇಡಂ, ಅಂದ ತೋಟದ ರೈಟರ್,
ಬರೀಬೇಡಿ, ಬರೆದರೆ ಆಮೇಲೆ ಯಾರ್ಯಾರೋ ಬರ್ತಾರೆ.
ಕಾಫಿ ಕೊಟ್ಟ. ಬೆಲ್ಲ ಜಾಸ್ತಿ.
ಅವನು ಆಚೆ ಹೋದಾಗ
ಮೊಣಕೈವರೆಗೆ ಕೈ ಹಾಕಿದೆ ಒಳಗೆ.
ತಂಪು.
ಬೆರಳಿಗೆ ಸಿಕ್ಕಿದ್ದು ಒಂದು ಬೀಡಿ ತುಂಡು.
ಅಳತೆ ಪುಸ್ತಕದಲ್ಲಿ ಬರೆದೆ: ಕಲ್ಲು, ಐದು.

ಆ ರಾತ್ರಿ ಆಟಕ್ಕೊಂದು ಕಟ್ಟಡ ಸೇರಿಸಿದೆ. ಕಲ್ಮನೆ.
ಖರ್ಚು ಇಲ್ಲ. ಕಟ್ಟಲು ಹಿಡಿಯುವ ಕಾಲ ಇಲ್ಲ.
ಲಾಭ ಎಂಬಲ್ಲಿ ಏನೂ ಬರೆಯಲಿಲ್ಲ.
ಲಾಭ ಬರೆಯದ್ದನ್ನು ಕಂಪ್ಯೂಟರಿನ ದೊರೆಗಳು
ಕಟ್ಟುವುದಿಲ್ಲ,
ಕೆಡವುವುದೂ ಇಲ್ಲ, ಸುತ್ತಿ ಹೋಗುತ್ತಾರೆ.
ನಲವತ್ತನೆಯ ಸರದಿಯಲ್ಲಿ ನೋಡಿದೆ,
ಯವನರ ಹಡಗು ಮೆಣಸು ತುಂಬಿಕೊಂಡು ಹೊರಟಿತ್ತು.
ಯಾವ ಬೆಟ್ಟದ ಮೆಣಸು ಎಂದು
ಹಡಗಿನ ಲೆಕ್ಕದಲ್ಲಿ ಇರಲಿಲ್ಲ.

ಇನ್ನು ಉಳಿದದ್ದು ಹೆಸರು.
ಉಮ್ಮರ್ ಒಂಬತ್ತು ಹೆಸರು ಕಳಿಸಿದ್ದಾನೆ,
ಎಲ್ಲವೂ ಆಮೇಲೆ ಬಂದವರು ಇಟ್ಟವು.
ಖಾಲಿ ಬಿಟ್ಟು ನೋಡಿದೆ. ಆಟ ಸುಮ್ಮನಿರಲಿಲ್ಲ,
ಕಡತದ ನಂಬರನ್ನೇ ಎತ್ತಿ ತೋರಿಸಿತು: ೨೧೭.
ನಂಬರು ಸಾಕಪ್ಪ. ನಂಬರು ನನಗೆ ಹಗಲಿಗೇ ಉಂಟು.

ಕಡೆಗೆ ಉದ್ಧರಣ ಚಿಹ್ನೆಗಳ ನಡುವೆ
ಸ್ಪೇಸ್ ಬಾರನ್ನು ಒಂದೇ ಸಲ ಒತ್ತಿ ಉಳಿಸಿದೆ.
ಈಗ ಆ ಬೆಟ್ಟದ ಮೇಲೆ ಬಾಣ ತಂದು ನಿಲ್ಲಿಸಿದರೆ
ಹೆಸರಿನ ಪುಟ್ಟ ಚೌಕ ತೆರೆಯುತ್ತದೆ,
ಒಳಗೆ ಏನೂ ಇಲ್ಲ,
ಒಂದು ಕೈ ಹೋಗುವಷ್ಟು.